ಆಫೀಸ್ ನೆಟ್‌ವರ್ಕಿಗೆ ಪ್ಯಾಚ್ ಸರ್ವರ್: ಮೂರನ್ನೂ ಹಾಕಿ ನೋಡಿದ ಮೇಲೆ

ನಮ್ಮದು 140 ಕಂಪ್ಯೂಟರ್‌ಗಳ ಆಫೀಸು, ಇಂಟರ್‌ನೆಟ್ ಲೈನು ಒಂದೇ. ತಿಂಗಳ ಎರಡನೇ ಮಂಗಳವಾರ ವಿಂಡೋಸ್ ಪ್ಯಾಚ್ (ಲೋಪ ಸರಿಪಡಿಸುವ ಅಪ್‌ಡೇಟ್) ಬಂತೆಂದರೆ ಮಾರನೇ ದಿನ ಅಷ್ಟೂ ಮಷೀನುಗಳು ಒಟ್ಟಿಗೇ ಡೌನ್‌ಲೋಡಿಗೆ ಬೀಳುತ್ತಿದ್ದವು. ಯಾವ ಮಷೀನಿಗೆ ಪ್ಯಾಚ್ ಹತ್ತಿದೆ, ಯಾವುದಕ್ಕಿಲ್ಲ ಎಂಬ ಲೆಕ್ಕವಂತೂ ಇರಲೇ ಇಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಈ ಎರಡನೆಯದು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹರಡಿದಾಗ ಅದನ್ನು ತಡೆಯುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದೆ ಉಳಿದವರು ಸಿಕ್ಕಿಬಿದ್ದರು.

ಹೀಗಾಗಿ ಪ್ಯಾಚ್ ಹಂಚುವ ಮೂರು ದಾರಿಗಳನ್ನು ಒಂದೊಂದಾಗಿ ನೋಡಿದೆ. ಮೊದಲು ಹಾಕಿದ್ದು ಡಬ್ಲ್ಯುಎಸ್‌ಯುಎಸ್ (ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವಿಸಸ್), ಪ್ಯಾಚನ್ನು ಒಮ್ಮೆ ಇಳಿಸಿಟ್ಟುಕೊಂಡು ಆಫೀಸಿನ ಮಷೀನುಗಳಿಗೆಲ್ಲ ಹಂಚುವ ಮೈಕ್ರೋಸಾಫ್ಟಿನ ವ್ಯವಸ್ಥೆ. ವಿಂಡೋಸ್ ಸರ್ವರ್‌ನಲ್ಲಿ ರೋಲ್ ಸೇರಿಸಿದರೆ ಆಯಿತು, ಪ್ರತ್ಯೇಕ ದುಡ್ಡಿಲ್ಲ. ಇನ್‌ಸ್ಟಾಲ್ ಅರ್ಧ ಗಂಟೆಯ ಕೆಲಸ, ಅದನ್ನು ಹದಕ್ಕೆ ತರಲು ಎರಡು ವಾರ ಹಿಡಿಯಿತು. ಪ್ರಾಡಕ್ಟ್ ಪಟ್ಟಿಯಲ್ಲಿ ನಮ್ಮಲ್ಲಿಲ್ಲದ್ದಕ್ಕೂ ಟಿಕ್ ಹಾಕಿ, ಕ್ಲಾಸಿಫಿಕೇಶನ್‌ನಲ್ಲಿ ಡ್ರೈವರ್‌ಗಳನ್ನೂ ಸೇರಿಸಿಬಿಟ್ಟಿದ್ದೆ. ಡೇಟಾಬೇಸ್ ಊದಿಕೊಂಡು ಕನ್ಸೋಲ್ (ಅದನ್ನು ನಿಭಾಯಿಸುವ ಪರದೆ) ತೆರೆಯುವುದೇ ನಿಂತಿತು. ವಿಂಡೋಸಿನ ವೆಬ್ ಸರ್ವರ್ ಐಐಎಸ್‌ನಲ್ಲಿ ಡಬ್ಲ್ಯುಎಸ್‌ಯುಎಸ್ ಓಡುವ ಪೂಲ್‌ಗೆ ಮೊದಲಿನಿಂದ ಇರುವ ಮೆಮೊರಿ ಮಿತಿ ಸುಮಾರು 1.8 ಜಿಬಿ. ಅದನ್ನು ದಾಟಿದಾಗ ಪೂಲ್ ನಿಂತು, ಕ್ಲೈಂಟ್‌ಗಳಿಗೆ (ಪ್ಯಾಚ್ ಕೇಳುವ ಮಷೀನುಗಳಿಗೆ) 503, ಅಂದರೆ ಸೇವೆ ಸಿಗುತ್ತಿಲ್ಲ ಎಂಬ ಎರರ್ ಹೋಗುತ್ತಿತ್ತು. ಮಿತಿ ಏರಿಸಿ, ಕಾಯುವ ಕೋರಿಕೆಗಳ ಕ್ಯೂ ಉದ್ದವನ್ನು 1000ದಿಂದ 2000ಕ್ಕೆ ತಂದು, ಹೊಸದು ಬಂದು ಹಳತಾದ ಅಪ್‌ಡೇಟುಗಳನ್ನೆಲ್ಲ ಡಿಕ್ಲೈನ್ ಮಾಡಿದ ಮೇಲೆ ಸರಿಹೋಯಿತು.

ಇನ್ನೊಂದು ತೊಡಕು ಪತ್ತೆಯಾಗಲು ನಾಲ್ಕು ದಿನ ಬೇಕಾಯಿತು. ಎಲ್ಲ ಮಷೀನುಗಳ ಸೆಟ್ಟಿಂಗನ್ನು ಒಂದೇ ಕಡೆಯಿಂದ ಕೊಡುವ ಗ್ರೂಪ್ ಪಾಲಿಸಿಯಲ್ಲಿ ಸರ್ವರ್ ವಿಳಾಸದ ಕೊನೆಗೆ 8530 ಪೋರ್ಟ್ ಸಮೇತ ಸರಿಯಾಗಿಯೇ ಕೊಟ್ಟಿದ್ದೆ. ಆದರೂ 140 ಮಷೀನುಗಳಲ್ಲಿ ಕನ್ಸೋಲ್‌ಗೆ ಬಂದದ್ದು 97. ಇವತ್ತು ಕಂಡ ಹೆಸರು ನಾಳೆ ಇಲ್ಲ, ಆ ಜಾಗದಲ್ಲಿ ಇನ್ನೊಂದು. ಹೀಗೆ ಬಂದುಹೋಗುತ್ತಿದ್ದವು ಒಂದೇ ಇಮೇಜಿನಿಂದ (ವಿಂಡೋಸ್ ಹಾಕಿಟ್ಟ ಡಿಸ್ಕಿನ ಪ್ರತಿಯಿಂದ) ಕ್ಲೋನ್ ಮಾಡಿದ ಮಷೀನುಗಳು. ವಿಂಡೋಸ್ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಅವೆಲ್ಲಕ್ಕೂ ಒಂದೇ ಸಸ್‌ಕ್ಲೈಂಟ್‌ಐಡಿ, ಅಂದರೆ ಸರ್ವರ್ ಮಷೀನನ್ನು ಗುರುತಿಸುವ ಐಡಿ. ಹೀಗಾಗಿ ಅಷ್ಟನ್ನೂ ಸರ್ವರ್ ಒಂದೇ ಮಷೀನೆಂದು ಎಣಿಸುತ್ತಿತ್ತು. ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ ಆ ಐಡಿ ಅಳಿಸಿ, ಮತ್ತೆ ಶುರು ಮಾಡಿಸಿದ ಮೇಲೆ ಸಂಖ್ಯೆ 140ಕ್ಕೆ ಏರಿತು. ಲೆಕ್ಕ ಸಿಕ್ಕಿದ ಆ ದಿನ ಪಟ್ಟ ಶ್ರಮವೆಲ್ಲ ಸಾರ್ಥಕ ಅನ್ನಿಸಿತು.

ಆಮೇಲೆ ನೋಡಿದ್ದು ವಿಂಡೋಸ್ ಅಪ್‌ಡೇಟ್ ಫಾರ್ ಬಿಸಿನೆಸ್. ಇದಕ್ಕೆ ಸರ್ವರೇ ಬೇಡ, ಮಷೀನುಗಳು ಮೈಕ್ರೋಸಾಫ್ಟಿನಿಂದ ನೇರವಾಗಿ ಇಳಿಸಿಕೊಳ್ಳುತ್ತವೆ. ತಿಂಗಳ ಪ್ಯಾಚನ್ನು 30 ದಿನ, ಫೀಚರ್ ಅಪ್‌ಡೇಟನ್ನು (ವಿಂಡೋಸಿನ ಹೊಸ ಆವೃತ್ತಿಯನ್ನು) 365 ದಿನದವರೆಗೆ ಪಾಲಿಸಿಯಲ್ಲೇ ಮುಂದೂಡಬಹುದು. ಡೆಲಿವರಿ ಆಪ್ಟಿಮೈಸೇಶನ್ ಹಾಕಿದರೆ ಒಂದು ಮಷೀನು ಇಳಿಸಿಕೊಂಡದ್ದನ್ನು ಪಕ್ಕದವು ಅದರಿಂದಲೇ ಎತ್ತಿಕೊಳ್ಳುತ್ತವೆ, ಲೈನಿನ ಮೇಲಿನ ಭಾರ ಇಳಿಯುತ್ತದೆ. ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪಿಗೆ ಇದಕ್ಕಿಂತ ಸಲೀಸಾದದ್ದನ್ನು ನಾನು ಬಳಸಿಲ್ಲ. ಆದರೆ ಬರೀ ಗ್ರೂಪ್ ಪಾಲಿಸಿಯಲ್ಲಿ ನಡೆಸಿದರೆ ಯಾವುದಕ್ಕೆ ಹತ್ತಿಲ್ಲ ಎಂದು ತೋರಿಸುವ ಪಟ್ಟಿ ಇಲ್ಲ, ಒಂದೊಂದು ಪ್ಯಾಚಿಗೂ ಒಪ್ಪಿಗೆ ಕೊಡುವ ಹಂತವೂ ಇಲ್ಲ.

ಮೂರನೆಯದು ಪ್ರತಿ ಮಷೀನಿನಲ್ಲೂ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಂ ಹಾಕಿ ನಡೆಸುವ ಒಂದು ಪೇಯ್ಡ್ ಸಾಫ್ಟ್‌ವೇರ್. ಬ್ರೌಸರ್, ಪಿಡಿಎಫ್ ರೀಡರ್, ಜಿಪ್ ಟೂಲ್ ಇವಕ್ಕೂ ಪ್ಯಾಚ್ ಹಾಕುತ್ತದೆ. ಡಬ್ಲ್ಯುಎಸ್‌ಯುಎಸ್ ಇವನ್ನು ತಾನಾಗಿ ಮುಟ್ಟುವುದಿಲ್ಲ. ರಿಪೋರ್ಟೂ ಮೂರರಲ್ಲಿ ಇದರದ್ದೇ ಚೆನ್ನ. ಆದರೆ ಟ್ರಯಲ್ ಮುಗಿದ ಮೇಲೆ ಪ್ರತಿ ಮಷೀನಿಗೂ ವರ್ಷವರ್ಷ ಕಟ್ಟಬೇಕಾದ ಮೊತ್ತ ನಮ್ಮ ಬಜೆಟ್‌ಗೆ ಹೊಂದಲಿಲ್ಲ. ಹಣವಿರುವವರು ಧಾರಾಳವಾಗಿ ಇದನ್ನೇ ಹಾಕಿಕೊಳ್ಳಿ.

ಈಗ ಶುರು ಮಾಡುವವರು ಎರಡು ಸಂಗತಿ ತಿಳಿದಿರಬೇಕು. ಡಬ್ಲ್ಯುಎಸ್‌ಯುಎಸ್‌ಗೆ ಇನ್ನು ಹೊಸ ಫೀಚರ್ ಬರುವುದಿಲ್ಲವೆಂದು 2024ರ ಸೆಪ್ಟೆಂಬರ್‌ನಲ್ಲೇ ಮೈಕ್ರೋಸಾಫ್ಟ್ ಹೇಳಿದೆ; ಸರ್ವರ್ 2025ರಲ್ಲಿ ರೋಲ್ ಇನ್ನೂ ಇದೆ. 2025ರ ಅಕ್ಟೋಬರ್‌ನಲ್ಲಿ ಅದರಲ್ಲೇ ಗಂಭೀರ ಲೋಪ ಸಿಕ್ಕಿ ತುರ್ತು ಪ್ಯಾಚ್ ಬಂತು. ಡಬ್ಲ್ಯುಎಸ್‌ಯುಎಸ್ ಬಳಸುವ 8530, 8531 ಪೋರ್ಟುಗಳನ್ನು ಯಾವ ಕಾರಣಕ್ಕೂ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ.

ನಾನು ಉಳಿಸಿಕೊಂಡದ್ದು ಎರಡನ್ನು. ಸರ್ವರುಗಳು ಮತ್ತು ಆಫೀಸಿನ ಡೆಸ್ಕ್‌ಟಾಪುಗಳು ಡಬ್ಲ್ಯುಎಸ್‌ಯುಎಸ್ ಕೆಳಗಿವೆ, ಲ್ಯಾಪ್‌ಟಾಪುಗಳಿಗೆ ಬಿಸಿನೆಸ್ ಪಾಲಿಸಿ. ಪ್ಯಾಚ್ ಬಂದ ಬುಧವಾರ ಹತ್ತು ಡೆಸ್ಕ್‌ಟಾಪಿಗೆ ಒಪ್ಪಿಗೆ ಕೊಡುತ್ತೇನೆ. ಪ್ರಿಂಟರ್, ಲೆಕ್ಕದ ಸಾಫ್ಟ್‌ವೇರ್ ಎಲ್ಲ ಸರಿಯಿದ್ದರೆ ಸೋಮವಾರ ಉಳಿದವಕ್ಕೆ. ಸರ್ವರುಗಳಿಗೆ ಅದೇ ವಾರದ ಶನಿವಾರ ರಾತ್ರಿ, ಬ್ಯಾಕಪ್ ಮುಗಿದದ್ದನ್ನು ನೋಡಿಕೊಂಡು, ನಾನೇ ಕೂತು ರೀಬೂಟ್ ಮಾಡುತ್ತೇನೆ.