ಪ್ಯಾಕೇಜಿನ ಡೌನ್‌ಲೋಡ್ ಲೆಕ್ಕ: ಪೆಪಿ, ಪೈಪಿಐಸ್ಟ್ಯಾಟ್ಸ್, ಬಿಗ್‌ಕ್ವೆರಿ

ನುಡಿ, ಬರಹಗಳ ಹಳೆಯ ಫಾಂಟಿನಲ್ಲಿರುವ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವ ಚಿಕ್ಕದೊಂದು ಪೈಥಾನ್ ಪ್ಯಾಕೇಜನ್ನು ನಾನು ಬೆಂಗಳೂರಿನಿಂದ ನಿರ್ವಹಿಸುತ್ತೇನೆ. 2024ರ ಅಕ್ಟೋಬರಿನಲ್ಲಿ ಅಧಿಕೃತ ಬೆಂಬಲ ಮುಗಿದ ಪೈಥಾನ್ 3.8 ಅನ್ನು ನಾನೂ ಕೈಬಿಡಬಹುದೇ ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐ ತನ್ನ ಪುಟಗಳಲ್ಲಿ ಡೌನ್‌ಲೋಡ್ ಸಂಖ್ಯೆಯನ್ನು ತೋರಿಸದ ಕಾರಣ ಮೂರು ಮಾರ್ಗಗಳನ್ನು ಬಳಸಿ ನೋಡಿದೆ.

ಪೆಪಿ ಎಂಬ ಜಾಲತಾಣ ಎದ್ದುಕಾಣುವಂತೆ ಕೊಡುವುದು ಒಟ್ಟು ಮೊತ್ತವನ್ನು. ಬಳಕೆದಾರರೆಲ್ಲ ಬಿಟ್ಟುಹೋದರೂ ಆ ಮೊತ್ತ ಇಳಿಯುವುದಿಲ್ಲ. ರೀಡ್‌ಮೀ ಕಡತದಲ್ಲಿ ಬ್ಯಾಡ್ಜ್ ಹಾಕಿಕೊಳ್ಳಲು ಅದು ಸಾಕು, ನಿರ್ಧಾರಕ್ಕೆ ಸಾಲದು.

ಪೈಪಿಐಸ್ಟ್ಯಾಟ್ಸ್ ಎಂಬ ಇನ್ನೊಂದು ಜಾಲತಾಣ 180 ದಿನಗಳ ಮಾಹಿತಿಯನ್ನಷ್ಟೇ ಇಟ್ಟುಕೊಳ್ಳುತ್ತದೆಯಾದರೂ, ಬ್ಯಾಂಡರ್‌ಸ್ನ್ಯಾಚ್‌ನಂತಹ ಉಪಕರಣ ಬಳಸಿ ಭಂಡಾರದ ನಕಲು ಇಟ್ಟುಕೊಳ್ಳುವ ಮಿರರ್ ಸರ್ವರ್‌ಗಳು ಎಳೆದುಕೊಂಡದ್ದನ್ನು ಬೇರ್ಪಡಿಸಿ, ಪೈಥಾನ್ ಆವೃತ್ತಿವಾರು ನಕ್ಷೆಯನ್ನೂ ಕೊಡುತ್ತದೆ. ನನ್ನ ನಕ್ಷೆ ಶನಿವಾರ, ಭಾನುವಾರ ಕುಸಿಯುತ್ತಿತ್ತು. ರಜೆಯ ದಿನ ಕುಸಿಯುವ ಬಳಕೆ ಬಹುಮಟ್ಟಿಗೆ ಕಚೇರಿಯದ್ದೇ ಇರಬೇಕು. ಆದರೆ ಅದು ಮನುಷ್ಯರದೋ, ಕೋಡಿನ ಪ್ರತಿ ಬದಲಾವಣೆಗೂ (ಕಮಿಟ್‌ಗೂ) ಹೊಸದಾಗಿ ಇನ್‌ಸ್ಟಾಲ್ ಮಾಡಿ ತಾನಾಗಿ ಪರೀಕ್ಷಿಸುವ ಸಿಐ ಯಂತ್ರಗಳದೋ ಎಂಬುದು ಇಲ್ಲಿ ತಿಳಿಯುವುದಿಲ್ಲ.

ಅದಕ್ಕೆ ದೊಡ್ಡ ಕೋಷ್ಟಕಗಳಲ್ಲಿ ಹುಡುಕಲು ಗೂಗಲ್ ಕೊಡುವ ಸೇವೆಯಾದ ಬಿಗ್‌ಕ್ವೆರಿಯೇ ಬೇಕಾಯಿತು. ಅಲ್ಲಿರುವ ಪೈಪಿಐ ಕೋಷ್ಟಕದಲ್ಲಿ ಪ್ರತಿ ಡೌನ್‌ಲೋಡಿಗೂ ಒಂದು ಸಾಲಿದ್ದು, ದೇಶ, ಇನ್‌ಸ್ಟಾಲರ್, ಪೈಥಾನ್ ಆವೃತ್ತಿ, ಆಪರೇಟಿಂಗ್ ಸಿಸ್ಟಮ್‌ಗಳ ಜೊತೆಗೆ ಸಿಐ ಎಂಬ ಕಾಲಮ್ಮೂ ಇದೆ. ಅದರಲ್ಲಿ ‘ಟ್ರೂ’ ಇದ್ದರೆ ನಂಬಬಹುದು. ಖಾಲಿ ಇದ್ದ ಮಾತ್ರಕ್ಕೆ ಅಲ್ಲಿ ಮನುಷ್ಯನಿದ್ದ ಎಂದು ತಿಳಿಯುವಂತಿಲ್ಲ, ಏಕೆಂದರೆ ಪೈಥಾನಿನ ಇನ್‌ಸ್ಟಾಲರ್ ಆದ ಪಿಪ್, ಯಂತ್ರದ ಕೆಲವು ಪರಿಸರ ಚರಾಂಶಗಳನ್ನು (ಎನ್ವಿರಾನ್‌ಮೆಂಟ್ ವೇರಿಯಬಲ್) ನೋಡಿ ಮಾತ್ರ ಅದನ್ನು ಊಹಿಸುತ್ತದೆ. ಕ್ವೆರಿಯಲ್ಲಿ ದಿನಾಂಕದ ಮಿತಿಯನ್ನು ಮೊದಲೇ ಬರೆಯಿರಿ, ಇಲ್ಲವಾದರೆ ತಿಂಗಳಿಗೆ ಉಚಿತವಾಗಿ ಹುಡುಕಲು ಸಿಗುವ 1 ಟೆರಾಬೈಟ್ ಬೇಗನೆ ಕರಗುತ್ತದೆ. ಈ ಕಿರಿಕಿರಿಯಿದ್ದರೂ ನನ್ನ ಮತ ಬಿಗ್‌ಕ್ವೆರಿಗೇ: ಸಿಐ ಸಾಲುಗಳನ್ನು ತೆಗೆದಾಗ 3.8ರ ಪಾಲು ಗಣನೀಯವಾಗಿ ಕುಗ್ಗಿತು.

ಬಳಕೆದಾರರು ಎಷ್ಟು ಜನ ಎಂಬುದನ್ನು ಮಾತ್ರ ಮೂರರಲ್ಲಿ ಯಾವುದೂ ಹೇಳಲಾರದು. ವೈಟ್‌ಫೀಲ್ಡಿನ ಕಂಪನಿಯೊಂದು ತನ್ನೊಳಗಿನ ಸರ್ವರಿಗೆ ಒಮ್ಮೆ ಇಳಿಸಿಕೊಂಡು ನೂರಾರು ಯಂತ್ರಗಳಿಗೆ ಹಂಚಿದರೂ ಲೆಕ್ಕಕ್ಕೆ ಬರುವುದು ಒಂದೇ ಡೌನ್‌ಲೋಡ್. ಡಿಟಿಪಿ ಅಂಗಡಿಯವರು ಪೆನ್‌ಡ್ರೈವಿನಲ್ಲಿ ಒಯ್ದದ್ದು ಲೆಕ್ಕಕ್ಕೇ ಬರುವುದಿಲ್ಲ. ಈ ವಿಷಯದಲ್ಲಿ ಲಿನಕ್ಸ್ ವಿತರಣೆಯಾದ ಡೆಬಿಯನ್‌ನ ಬಳಕೆ ಸಮೀಕ್ಷೆ ಪಾಪ್‌ಕಾನ್ ಮೇಲು. ಒಪ್ಪಿದವರ ಯಂತ್ರಗಳನ್ನಷ್ಟೇ ಎಣಿಸಿದರೂ, ಇನ್‌ಸ್ಟಾಲ್ ಆಗಿರುವುದನ್ನೂ ನಿಯಮಿತವಾಗಿ ಬಳಕೆಯಾಗುತ್ತಿರುವುದನ್ನೂ ಅದು ಬೇರೆಬೇರೆಯಾಗಿ ತೋರಿಸುತ್ತದೆ.

ಕೊನೆಗೆ ಕನಿಷ್ಠ ಆವೃತ್ತಿಯನ್ನು 3.9 ಎಂದು ಘೋಷಿಸಿದೆ. ಪಿಪ್ 9 ಅಥವಾ ಅದಕ್ಕಿಂತ ಹೊಸದು ಇರುವ ಯಂತ್ರಗಳಲ್ಲಿ 3.8ರವರಿಗೆ ಹಿಂದಿನ ಬಿಡುಗಡೆಯೇ ತಾನಾಗಿ ಸಿಗುವುದರಿಂದ ಅವರ ಕೆಲಸ ನಿಲ್ಲುವುದಿಲ್ಲ.