ಕಂಪ್ಯೂಟರ್ ನಿಧಾನವಾದರೆ ಎಲ್ಲಿ ನೋಡಬೇಕು? ವಿಂಡೋಸ್‌ನಲ್ಲೇ ಇರುವ ನಾಲ್ಕು ಸಲಕರಣೆಗಳ ಹೋಲಿಕೆ

ಮಳೆಗಾಲದ ಕೊಡಗಿನಲ್ಲಿ ಮನೆ ಕಂಪ್ಯೂಟರಿನ ಮೇಲೆ ಕೇಳಿಬರುವ ದೂರು ಹೆಚ್ಚುಕಡಿಮೆ ಮೂರೇ. ಆನ್ ಮಾಡಿದರೆ ಕಾಫಿ ಕುಡಿದು ಬಂದರೂ ತಯಾರಾಗಿರುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟಿನ ಡೇಟಾ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಇಲ್ಲವೇ ಕೆಲಸದ ನಡುವೆ ತಾನಾಗಿ ಆಫ್ ಆಗುತ್ತದೆ. ಇದಕ್ಕೆಲ್ಲ ನೆಟ್‌ನಿಂದ ಯಾವುದೋ 'ಬೂಸ್ಟರ್' ಇಳಿಸಿಕೊಳ್ಳುವ ಅಗತ್ಯ ಇಲ್ಲ, ಎಷ್ಟೋ ಸಲ ಅದೇ ಹೊಸ ಹೊರೆ. ಟಾಸ್ಕ್ ಮ್ಯಾನೇಜರ್, ರಿಸೋರ್ಸ್ ಮಾನಿಟರ್, ರಿಲಯಬಿಲಿಟಿ ಮಾನಿಟರ್, ಪರ್ಫಾರ್ಮೆನ್ಸ್ ಮಾನಿಟರ್: ಈ ನಾಲ್ಕೂ ವಿಂಡೋಸ್ ಜೊತೆಗೇ ಬಂದಿರುತ್ತವೆ.

ನಾಲ್ಕನ್ನೂ ಎರಡು ಯಂತ್ರಗಳಲ್ಲಿ ಹಚ್ಚಿ ನೋಡಿದ ಹೋಲಿಕೆ ಇದು. ಒಂದು, ತೋಟದ ಲೆಕ್ಕಕ್ಕೆ ಇಟ್ಟ ಹಳೆಯ ಡೆಸ್ಕ್‌ಟಾಪ್: ವಿಂಡೋಸ್ 10, 4 ಜಿಬಿ ರ‍್ಯಾಮ್ (ನಡೆಯುತ್ತಿರುವ ಕೆಲಸ ಇಟ್ಟುಕೊಳ್ಳುವ ಮೆಮೊರಿ), ತಿರುಗುವ ಹಾರ್ಡ್ ಡಿಸ್ಕ್. ಇನ್ನೊಂದು, ಹೋಂಸ್ಟೇ ಬುಕಿಂಗ್ ನೋಡುವ ಲ್ಯಾಪ್‌ಟಾಪ್: ವಿಂಡೋಸ್ 11, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್).

ಹೊಸಬರಿಗೆ ಮೊದಲ ಮೆಟ್ಟಿಲು ಟಾಸ್ಕ್ ಮ್ಯಾನೇಜರ್, ಇದರಲ್ಲಿ ಎರಡು ಮಾತಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಬಹಳ ಜನ 'ಪ್ರೊಸೆಸಸ್' ಪಟ್ಟಿ ನೋಡಿ ಮುಚ್ಚಿಬಿಡುತ್ತಾರೆ, ಆದರೆ ನಿಜವಾದ ಸರಕು ಇರುವುದು 'ಪರ್ಫಾರ್ಮೆನ್ಸ್' ಪುಟದಲ್ಲಿ. ಅಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಹಳೆಯ ಡೆಸ್ಕ್‌ಟಾಪ್ ಬೆಳಿಗ್ಗೆ ಆನ್ ಆದ ಮೊದಲ ಐದು ನಿಮಿಷ ಕಾಣುವುದು ಹೀಗೆ: ಆಕ್ಟಿವ್ ಟೈಮ್ 100%, ಆದರೆ ರೀಡ್ ಸ್ಪೀಡ್ ಸೆಕೆಂಡಿಗೆ ಬರೀ ಒಂದೆರಡು ಎಂಬಿ, ಅವರೇಜ್ ರೆಸ್ಪಾನ್ಸ್ ಟೈಮ್ 300 ಮಿಲಿಸೆಕೆಂಡ್ ದಾಟಿದೆ. ಪ್ರೊಸೆಸರ್ ಮಾತ್ರ 15%ರಲ್ಲಿ ಆರಾಮಾಗಿ ಕೂತಿದೆ. ಅಂದರೆ ಡಿಸ್ಕಿನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿಯೇ ಸುಸ್ತಾಗಿದೆ, ಕೆಲಸ ಸಾಗುತ್ತಿಲ್ಲ. ಸರಿಯಿರುವ ಹಾರ್ಡ್ ಡಿಸ್ಕ್ ಸಾಮಾನ್ಯ ಕೆಲಸದಲ್ಲಿ 10ರಿಂದ 20 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ, ಎಸ್‌ಎಸ್‌ಡಿ ಒಂದೆರಡರಲ್ಲೇ. ಇಂಥ ಯಂತ್ರಕ್ಕೆ ಹೊಸ ಪ್ರೊಸೆಸರ್ ಹಾಕಿಸುವುದು ದಂಡ, ಎಸ್‌ಎಸ್‌ಡಿ ಹಾಕಿಸಿದರೆ ಸಾಕು.

ಅದೇ ಪುಟದ 'ಮೆಮೊರಿ'ಯಲ್ಲಿ 'ಸ್ಲಾಟ್ಸ್ ಯೂಸ್ಡ್' ಎಂಬ ಸಾಲಿದೆ. '1 ಆಫ್ 2' ಎಂದಿದ್ದರೆ ಇನ್ನೊಂದು ರ‍್ಯಾಮ್ ಕಡ್ಡಿಗೆ ಜಾಗ ಇದೆಯೆಂದು ಡಬ್ಬಿ ಬಿಚ್ಚದೆಯೇ ತಿಳಿಯಿತು. 'ಸ್ಟಾರ್ಟ್‌ಅಪ್' ಪುಟದಲ್ಲಿ 'ಸ್ಟಾರ್ಟ್‌ಅಪ್ ಇಂಪ್ಯಾಕ್ಟ್' (ಆನ್ ಆಗುವಾಗ ಬೀಳುವ ಹೊರೆ) 'ಹೈ' ಎಂದಿರುವ ಆದರೆ ದಿನಾ ಬೇಕಿಲ್ಲದ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸೇಬಲ್' ಕೊಡಿ. ಆಂಟಿವೈರಸ್, ಆಡಿಯೊ, ಟಚ್‌ಪ್ಯಾಡ್‌ಗೆ ಸೇರಿದ್ದನ್ನು ಮುಟ್ಟಬೇಡಿ.

ಇದರ ಕೊರತೆಯೆಂದರೆ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಎಂದು ನೇರವಾಗಿ ಹೇಳುವುದಿಲ್ಲ, ಊಹಿಸಬೇಕು. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ, ಬಳಕೆ 100% ಇರುವಾಗ ಪರ್ಫಾರ್ಮೆನ್ಸ್ ಪುಟದ 'ಸಿಪಿಯು'ನಲ್ಲಿ 'ಸ್ಪೀಡ್' ಎಂಬುದು 'ಬೇಸ್ ಸ್ಪೀಡ್'ಗಿಂತ (ಪ್ರೊಸೆಸರಿನ ಮೂಲ ವೇಗ) ತುಂಬ ಕೆಳಗೆ ಇಳಿದಿದ್ದರೆ ಫ್ಯಾನಿನಲ್ಲಿ ದೂಳು ಕಟ್ಟಿರುವ ಸಾಧ್ಯತೆ ಹೆಚ್ಚು. ಚಾರ್ಜರ್ ಇಲ್ಲದೆ ಈ ಪರೀಕ್ಷೆ ಮಾಡಬೇಡಿ, ಬ್ಯಾಟರಿ ಉಳಿಸಲೆಂದು ವಿಂಡೋಸ್ ತಾನೇ ವೇಗ ಇಳಿಸಿರುತ್ತದೆ.

ಟಾಸ್ಕ್ ಮ್ಯಾನೇಜರ್ 'ಡಿಸ್ಕಿಗೆ ಬಿಡುವಿಲ್ಲ' ಎನ್ನುತ್ತದೆ, ರಿಸೋರ್ಸ್ ಮಾನಿಟರ್ 'ಇಂಥ ಫೈಲಿನಿಂದ ಬಿಡುವಿಲ್ಲ' ಎನ್ನುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. 'ಮೆಮೊರಿ' ಪುಟದ 'ಹಾರ್ಡ್ ಫಾಲ್ಟ್ಸ್' ಎಂಬ ಹೆಸರು ನೋಡಿ ಗಾಬರಿಯಾಗಬೇಡಿ, ಏನೂ ಕೆಟ್ಟಿಲ್ಲ. ರ‍್ಯಾಮ್‌ನಲ್ಲಿ ಇಲ್ಲದ್ದನ್ನು ಡಿಸ್ಕಿನಿಂದ ತರಿಸಿದ ಲೆಕ್ಕ ಅದು. ಪ್ರೋಗ್ರಾಂ ತೆರೆಯುವಾಗ ಒಮ್ಮೆ ಏರಿ ಇಳಿದರೆ ಸರಿ. ಏನೂ ಹೊಸದಾಗಿ ತೆರೆಯದೆಯೂ ಸೆಕೆಂಡಿಗೆ ನೂರಾರು ಬರುತ್ತಲೇ ಇದ್ದರೆ ರ‍್ಯಾಮ್ ಸಾಲುತ್ತಿಲ್ಲ. 4 ಜಿಬಿ ಯಂತ್ರದಲ್ಲಿ ಬ್ರೌಸರಿನ ಹತ್ತು ಟ್ಯಾಬ್ ಮತ್ತು ಒಂದು ಎಕ್ಸೆಲ್ ಸೇರಿದಾಗ ಆದದ್ದೇ ಇದು.

ಡೇಟಾ ಕಳ್ಳನನ್ನು ಹಿಡಿಯಲೂ ಇದೇ ವಾಸಿ. 'ನೆಟ್‌ವರ್ಕ್' ಪುಟದಲ್ಲಿ 'ಟೋಟಲ್' ಕಾಲಂ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಎಳೆಯುವವನು ಮೇಲಕ್ಕೆ ಬರುತ್ತಾನೆ. ಒಂದು ಎಚ್ಚರ: ಇಲ್ಲಿನ ಲೆಕ್ಕ ಬೈಟ್‌ನಲ್ಲಿ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದ್ದು ಬಿಟ್‌ನಲ್ಲಿ (8 ಬಿಟ್ ಸೇರಿದರೆ 1 ಬೈಟ್). ಇಲ್ಲಿ ಸೆಕೆಂಡಿಗೆ 10,00,000 ಅಂದರೆ ಅಲ್ಲಿ 8 ಎಂಬಿಪಿಎಸ್. 'ಎಸ್‌ವಿಸಿ ಹೋಸ್ಟ್' (svchost.exe, ವಿಂಡೋಸ್‌ನದೇ ಹಿನ್ನೆಲೆ ಕೆಲಸ) ಹೆಸರು ಮೇಲಿದ್ದರೆ ಅದು ಬಹುಪಾಲು ವಿಂಡೋಸ್ ಅಪ್‌ಡೇಟ್. ಅದನ್ನು ಕೊಲ್ಲುವ ಬದಲು ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹಾಟ್‌ಸ್ಪಾಟಿನ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆದು 'ಮೀಟರ್ಡ್ ಕನೆಕ್ಷನ್' (ಡೇಟಾಕ್ಕೆ ಮಿತಿ ಇದೆ ಎಂದು ವಿಂಡೋಸ್‌ಗೆ ಹೇಳುವ ಗುಂಡಿ) ಆನ್ ಮಾಡಿ. ದೊಡ್ಡ ಅಪ್‌ಡೇಟುಗಳು ಆಗ ಕಾಯುತ್ತವೆ. ಮಡಿಕೇರಿಗೋ ಕುಶಾಲನಗರಕ್ಕೋ ಹೋದಾಗ ಒಳ್ಳೆಯ ವೈಫೈನಲ್ಲಿ ಮುಗಿಸಿಕೊಳ್ಳಬಹುದು.

ರಿಸೋರ್ಸ್ ಮಾನಿಟರ್ ಸೋಲುವುದು ನೆನಪಿನ ವಿಷಯದಲ್ಲಿ. ಗ್ರಾಫ್ ಒಂದು ನಿಮಿಷದ್ದು, ಮುಚ್ಚಿದರೆ ಎಲ್ಲ ಹೋಯಿತು. ನಿನ್ನೆ ಸಂಜೆ ಏನಾಯಿತೆಂದು ಅದನ್ನು ಕೇಳಿ ಪ್ರಯೋಜನವಿಲ್ಲ.

ಅದನ್ನು ಹೇಳುವುದು ರಿಲಯಬಿಲಿಟಿ ಮಾನಿಟರ್. ಕೊಡಗಿನವರಿಗೆ ಟಾಸ್ಕ್ ಮ್ಯಾನೇಜರ್ ಬಿಟ್ಟರೆ ಇದೇ ಹೆಚ್ಚು ಉಪಯೋಗದ್ದು ಎಂಬುದು ನಮ್ಮ ತೀರ್ಮಾನ, ಆದರೂ ಇದನ್ನು ತೆರೆದು ನೋಡಿದವರು ಕಡಿಮೆ. ಸ್ಟಾರ್ಟ್‌ನಲ್ಲಿ 'ರಿಲಯಬಿಲಿಟಿ' ಎಂದು ಇಂಗ್ಲಿಷಿನಲ್ಲಿ ಬರೆದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಬರುತ್ತದೆ. ದಿನಕ್ಕೊಂದು ಕಂಬ, ಮೇಲೆ 1ರಿಂದ 10ರವರೆಗಿನ ಅಂಕದ ಗೆರೆ, ತೊಂದರೆಯಾದ ದಿನ ಕೆಂಪು ಗುರುತು. ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಕೆಳಗೆ ಗಂಟೆ-ನಿಮಿಷದ ಸಮೇತ ವಿವರ. ಗಾಳಿ-ಮಳೆಗೆ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋದಾಗಲೆಲ್ಲ ಡೆಸ್ಕ್‌ಟಾಪಿನಲ್ಲಿ 'ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ' ಎಂಬ ಅರ್ಥದ ಸಾಲು ಸೇರಿಕೊಳ್ಳುತ್ತದೆ. ಆಷಾಢದಲ್ಲಿ ಅಂಕದ ಗೆರೆ ಜಾರುಬಂಡಿಯಂತೆ ಇಳಿದರೂ ಅದು ಯಂತ್ರದ ದೋಷವೇ ಆಗಬೇಕಿಲ್ಲ.

ಹಾಗಾಗಿ ಅಂಕ ಬಿಡಿ, ಸಮಯ ನೋಡಿ. ಕರೆಂಟ್ ಹೋದ ಹೊತ್ತಿಗೆ ತಾಳೆಯಾದರೆ ಯುಪಿಎಸ್ ಬ್ಯಾಟರಿ ಬದಲಿಸುವ ಕಾಲ. ಮನೆಯ ದೀಪ ಉರಿಯುತ್ತಿದ್ದಾಗಲೇ ಆಫ್ ಆಗಿದ್ದರೆ ಸಂಶಯ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಅಥವಾ ಬಿಸಿಯ ಮೇಲೆ ಹೋಗಬೇಕು. ಇನ್ನೂ ಖಚಿತ ಬೇಕಿದ್ದರೆ ಇವೆಂಟ್ ವ್ಯೂವರ್‌ನ (ವಿಂಡೋಸ್ ಘಟನೆಗಳನ್ನು ಬರೆದಿಡುವ ಇನ್ನೊಂದು ಸಲಕರಣೆ) 'ಸಿಸ್ಟಮ್' ದಾಖಲೆಯಲ್ಲಿ 'ಕರ್ನಲ್-ಪವರ್ 41' ಹುಡುಕಿ 'ಡೀಟೇಲ್ಸ್' ತೆರೆಯಿರಿ. 'ಬಗ್‌ಚೆಕ್ ಕೋಡ್' 0 ಇಲ್ಲದೆ ಬೇರೆ ಸಂಖ್ಯೆ ಇದ್ದರೆ ಅದು ಕರೆಂಟಿನ ಕಥೆಯಲ್ಲ, ವಿಂಡೋಸ್ ತಾನೇ ಕುಸಿದು ನೀಲಿ ಪರದೆ ಬಂದು ನಿಂತದ್ದು.

ಪರ್ಫಾರ್ಮೆನ್ಸ್ ಮಾನಿಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕರಲ್ಲಿ ಬಲಶಾಲಿ ಅದೇ, ಹೊಸಬರನ್ನು ಓಡಿಸುವುದೂ ಅದೇ: ತೆರೆದರೆ ಒಂದು ಕೆಂಪು ಗೆರೆ, ಅರ್ಥ ಹೇಳುವವರಿಲ್ಲ. ವಾರಕ್ಕೊಮ್ಮೆ ಮಾತ್ರ ಬಂದು ಹೋಗುವ ನಿಧಾನಕ್ಕೆ 'ಡೇಟಾ ಕಲೆಕ್ಟರ್ ಸೆಟ್' ಮಾಡಿ 15 ಸೆಕೆಂಡಿಗೊಮ್ಮೆ ಬರೆಸಿಡಬಹುದು. ನಿಲ್ಲಿಸಲು ಮರೆತರೆ ಆ ದಾಖಲೆ ಸಿ ಡ್ರೈವ್‌ನಲ್ಲಿ ಬೆಳೆಯುತ್ತಲೇ ಇರುತ್ತದೆ.

ರಿಪೇರಿಗೆ ಒಯ್ಯುವ ಮುಂಚೆ ರಿಲಯಬಿಲಿಟಿ ಪುಟದ್ದೂ ಡಿಸ್ಕ್ ಪುಟದ್ದೂ ಒಂದೊಂದು ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಭಾಗಮಂಡಲದ ಕಡೆಯಿಂದ ಸಿಪಿಯು ಹೊತ್ತು ಮಡಿಕೇರಿಗೆ ಬಂದ ಮೇಲೆ, ಅಂಗಡಿಯಲ್ಲಿ ಅದು ಚೆನ್ನಾಗಿಯೇ ನಡೆಯುವುದುಂಟು.