ಹಸಿರು ಅಂಕಿಯ ಹಳೇ ಕ್ಯಾಲ್ಕುಲೇಟರ್: ರಿಪೇರಿ ಮಾಡಿಸಿ ವರ್ಷಗಟ್ಟಲೆ ಬಳಸಿದ ಮೇಲೆ

ಕ್ಯಾಲ್ಕುಲೇಟರ್ ಪೂರ್ತಿ ಕೆಟ್ಟು ಕೂತರೆ ನನಗೆ ಬೇಜಾರಿಲ್ಲ. ಚೆನ್ನಾಗಿ ಹೊತ್ತಿಕೊಂಡು, 430 ಒತ್ತಿದರೆ 4330 ಬರೆದುಕೊಳ್ಳುವುದಿದೆಯಲ್ಲ, ಅದನ್ನು ಸಹಿಸಲಾಗದು. ತುಮಕೂರಿನ ಮಂಡಿಪೇಟೆಯಲ್ಲಿ ಎರಡು ಮೂರು ಅಂಗಡಿಗಳ ಕಿರ್ದಿ, ಖಾತೆ ಬರೆಯುವವನು ನಾನು. ಸಂಜೆಯಾದರೆ ಉದ್ದುದ್ದ ಪಟ್ಟಿ ಕೂಡಬೇಕು. ಮಧ್ಯದಲ್ಲಿ ಎಲ್ಲೋ ಒಂದು 3 ಎರಡು ಸಲ ಬಿದ್ದಿದ್ದರೆ ಮೊತ್ತ ನೋಡಿ ಗೊತ್ತಾಗುವುದಿಲ್ಲ. ಮೊದಲಿಂದ ಕೂಡಿಕೊಂಡು ಬರಬೇಕು.

ಇದು ಎಪ್ಪತ್ತರ ದಶಕದ ಜಪಾನ್ ಮಾಲು. 8 ಅಂಕಿ, ಎರಡು ಪೆನ್ಸಿಲ್ ಸೆಲ್. ನಮ್ಮ ಸೋದರಮಾವ ತಿಪಟೂರಿನ ಕೊಬ್ಬರಿ ವ್ಯಾಪಾರದಲ್ಲಿ ಬಳಸಿ ಬೀರುವಿಗೆ ಸೇರಿಸಿದ್ದು. ಒಳಗೇ ಉಳಿದ ಸೆಲ್ ಸೋರಿ ಸ್ಪ್ರಿಂಗ್ ತುಕ್ಕು ಹಿಡಿದಿತ್ತು, ತಾಮ್ರವೆಲ್ಲ ಹಸಿರುಗಟ್ಟಿತ್ತು. ಆಲ್ಕಲೈನ್ ಸೆಲ್ ಸೋರಿದ್ದಕ್ಕೆ ವಿನೆಗರ್ ಹಚ್ಚಬೇಕು, ಹಳೇ ಕಾಲದ ಸಾದಾ ಸೆಲ್ಲಿಗೆ ಅಡುಗೆ ಸೋಡಾ. ಒಂದು ಕ್ಷಾರ, ಇನ್ನೊಂದು ಆಮ್ಲ. ಸೋರಿದ್ದು ವೈರಿನ ಪ್ಲಾಸ್ಟಿಕ್ ಒಳಗೂ ಹರಿದು ತಾಮ್ರವನ್ನು ಕಪ್ಪು ಮಾಡಿರುತ್ತದೆ. ಹೊರಗಿನಿಂದ ಅದು ಕಾಣುವುದೇ ಇಲ್ಲ.

ಟಿವಿ ರಿಪೇರಿ ಅಂಗಡಿಗಳಲ್ಲಿ ಯಾರೂ ಮುಟ್ಟಲಿಲ್ಲ. ಕೊನೆಗೆ ಕೈಗೆತ್ತಿಕೊಂಡವರು ಒಬ್ಬ ಹಿರಿಯ ವಾಚ್ ರಿಪೇರಿಯವರು. ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದ ಕೈ ಅವರದು. (ಕಾರ್ಖಾನೆಯ ಜಾಗ ಈಗ ಇಸ್ರೋ ಪಾಲಾಗಿದೆ.) ವೈರು ಬದಲಾಯಿಸಿದರು, ಆದರೂ ಅಂಕಿ ಮೂಡಲಿಲ್ಲ. ಅಂಗಡಿಯ ದೀಪ ಆರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. "ಒಳಗೆ ಕೂದಲಂಥ ತಂತಿ ಕೆಂಪಗೆ ಕಾಣ್ತಿದೆ ಸ್ವಾಮಿ. ಟ್ಯೂಬ್ ಚೆನ್ನಾಗಿದೆ, ವೋಲ್ಟೇಜ್ ಬರ್ತಿಲ್ಲ ಅಷ್ಟೇ."

ಈ ಹಸಿರು ಅಂಕಿಗಳು ಗಾಳಿ ತೆಗೆದ ಗಾಜಿನೊಳಗೆ ಹೊಳೆಯುವಂಥವು. ಸಣ್ಣ ತಂತಿ ಬಿಸಿಯಾಗಿ ಎಲೆಕ್ಟ್ರಾನುಗಳನ್ನು ಬಿಡುತ್ತದೆ, ಅವು ಫಾಸ್ಫರ್ ಎಂಬ ಹೊಳೆಯುವ ಪುಡಿಯ ಲೇಪಕ್ಕೆ ಬಡಿದಾಗ ಬೆಳಕು. ಹಾಗೆ ಎಳೆದು ಬಡಿಸಲು 3 ವೋಲ್ಟ್ ಎಲ್ಲಿಗೂ ಸಾಲದು, ಇಪ್ಪತ್ತರ ಮೇಲೆ ಬೇಕು. ಅದಕ್ಕೇ ಒಳಗೊಂದು ಪುಟಾಣಿ ಟ್ರಾನ್ಸ್‌ಫಾರ್ಮರ್ ಇದೆ. ಅದರ ಪಕ್ಕದ ಕೆಪಾಸಿಟರ್ ಒಣಗಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊಸದು ತಂದುಕೊಟ್ಟೆ. ಕೆಲವೇ ರೂಪಾಯಿಯ ಸಾಮಾನು, ಬಸ್ ಚಾರ್ಜೇ ಹೆಚ್ಚು.

ಹೊತ್ತಿಕೊಂಡ ಖುಷಿ ಹೆಚ್ಚು ದಿನ ಉಳಿಯಲಿಲ್ಲ. 3 ಎರಡೆರಡು ಬೀಳಲು ಶುರುವಾಯಿತು. ಗುಂಡಿಯ ಕೆಳಗಿನ ಲೋಹ ಮಂಕಾದರೆ ಒಂದೇ ಒತ್ತಿಗೆ ತಾಗಿ, ಬಿಟ್ಟು, ಮತ್ತೆ ತಾಗುತ್ತದೆ. ಚಿಪ್ ಅದನ್ನು ಎರಡು ಒತ್ತು ಎಂದೇ ಲೆಕ್ಕ ಹಿಡಿಯುತ್ತದೆ. ಯಾರೋ ಮರಳು ಕಾಗದದಲ್ಲಿ ಉಜ್ಜಿ ಎಂದರು. ದಯವಿಟ್ಟು ಆ ಕೆಲಸ ಮಾಡಬೇಡಿ, ತೆಳುವಾದ ಲೇಪ ಕಿತ್ತುಬಂದರೆ ಗುಂಡಿ ಶಾಶ್ವತವಾಗಿ ಹಾಳು. ನಮ್ಮ ವಾಚ್ ರಿಪೇರಿಯವರು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒಂದೊಂದೇ ಗುಂಡಿಯ ತಳ ಒರೆಸಿ, ಪೂರ್ತಿ ಆರಿದ ಮೇಲೆ ಮುಚ್ಚಿದರು. ಪೇಟೆಯ ಧೂಳಿಗೆ ಮತ್ತೆ ಮಂಕಾಗುತ್ತದೆ. ಮಾರ್ಚ್ ಲೆಕ್ಕಕ್ಕೆ ಮುಂಚೆ ಈಗ ನಾನೇ ಬಿಚ್ಚಿ ಒರೆಸುತ್ತೇನೆ.

ಅಷ್ಟಾದ ಮೇಲೆ ಇದರ ಸುಖವೇ ಬೇರೆ. ಎಡಗೈ ಬೆರಳು ಕಿರ್ದಿಯ ಸಾಲಿನ ಮೇಲೆ, ಬಲಗೈ ಗುಂಡಿಗಳ ಮೇಲೆ, ಕಣ್ಣು ಪುಸ್ತಕ ಬಿಟ್ಟು ಏಳುವುದಿಲ್ಲ. 5ರ ಮೇಲಿನ ಸಣ್ಣ ಉಬ್ಬು ಬೆರಳಿಗೆ ಸಿಕ್ಕರೆ ಉಳಿದದ್ದೆಲ್ಲ ಸಿಕ್ಕ ಹಾಗೆ. ಪ್ರತಿ ಒತ್ತಿಗೂ ಬೆರಳಿಗೆ ತಿಳಿಯುವಂಥ ಟಕ್ಕೆನ್ನುವ ತಡೆ. ಮೊಬೈಲಿನ ನುಣುಪು ಗಾಜಿನಲ್ಲಿ ಇದೆಲ್ಲಿ? ಕರೆಂಟ್ ಹೋದಾಗಲಂತೂ ಮೊತ್ತ ತಾನೇ ಬೆಳಗುತ್ತಿರುತ್ತದೆ. ಅಂಗಡಿಯ ಹುಡುಗ ಮೇಣದಬತ್ತಿ ಹಚ್ಚಿದರೆ ಅದು ನನ್ನ ಪುಸ್ತಕಕ್ಕೆ ಮಾತ್ರ.

ಸೆಲ್ ತಿನ್ನುವುದು ಜಾಸ್ತಿ, ಇದನ್ನು ಮುಚ್ಚಿಡುವುದಿಲ್ಲ. 1973ರಲ್ಲೇ ಶಾರ್ಪ್ ಕಂಪನಿ ಎಲ್‌ಸಿಡಿ ಹಾಕಿದ ಇಎಲ್-805 ತಂದಿತು, ಒಂದೇ ಪೆನ್ಸಿಲ್ ಸೆಲ್ಲಿಗೆ 100 ಗಂಟೆ ಓಡುತ್ತಿತ್ತು. ಹಸಿರು ಅಂಕಿಗಳು ಜೇಬಿನಿಂದ ಮರೆಯಾಗಿದ್ದು ಇಂಥದ್ದರಿಂದಲೇ. ಪೈಸೆ ಸೇರಿಸಿ ಕೂಡಿದರೆ 9,99,999.99ಕ್ಕೆ ಜಾಗ ಮುಗಿಯುತ್ತದೆ, ವರ್ಷದ ಮೊತ್ತಕ್ಕೆ ಸಾಲುವುದಿಲ್ಲ. ಆ ಒಂದು ದಿನಕ್ಕೆ 12 ಅಂಕಿಯ ಬೇರೆ ಮಿಷನ್ ಇಟ್ಟುಕೊಂಡಿದ್ದೇನೆ. ದಿನದ ಕೆಲಸಕ್ಕೆ ಇದೇ ಬೇಕು ನನಗೆ.

ಹಳೆಯದನ್ನು ಕೊಳ್ಳುವವರು ನಿಮ್ಮದೇ ಸೆಲ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲು ಸಾಲುದ್ದಕ್ಕೂ 8 ತುಂಬಿಸಿ. ಒಂದು ಸ್ಥಾನ ಪೂರ್ತಿ ಕತ್ತಲಾಗಿದ್ದರೆ ಆ ಸ್ಥಾನಕ್ಕೆ ಬರುವ ಸಂಪರ್ಕ ಹೋಗಿದೆ, ಎಲ್ಲ ಅಂಕಿಗಳಲ್ಲೂ ಒಂದೇ ಗೀಟು ಕಾಣದಿದ್ದರೆ ಆ ಗೀಟಿನ ಸಂಪರ್ಕ. ಆಮೇಲೆ 12345679 ಅನ್ನು 8ರಿಂದ ಗುಣಿಸಿ. ಸೊನ್ನೆ ಬಿಟ್ಟು ಒಂಬತ್ತೂ ಗುಂಡಿ ಒಂದೊಂದು ಸಲ ಒತ್ತಿದಂತಾಗುತ್ತದೆ. 98765432 ಬರದಿದ್ದರೆ ಯಾವುದೋ ಗುಂಡಿ ಎರಡು ಸಲ ಬಿದ್ದಿದೆ, ಇಲ್ಲವೇ ಬಿದ್ದೇ ಇಲ್ಲ. ನಾಲ್ಕೈದು ಸಲ ಗುಣಿಸಿ ನೋಡಿ, ಪ್ರತಿ ಸಲವೂ ಅದೇ ಬಂದರೆ ಮಾತ್ರ ಚೌಕಾಸಿಗೆ ಇಳಿಯಿರಿ.